ಏರಿಗೆ ತಕ್ಕ ಹಲ್ಲು

ಸೈಕಲ್ಲು ತಯಾರಾಗುವುದು ಒಂದು ನೆಲದಲ್ಲಿ, ಓಡುವುದು ಇನ್ನೊಂದು ನೆಲದಲ್ಲಿ. ಈ ಎರಡು ನೆಲಗಳ ನಡುವಿನ ವ್ಯತ್ಯಾಸವನ್ನು ಸರಿದೂಗಿಸುವ ಹೊಣೆ ಚೌಕಟ್ಟಿಗಿಂತ ಹೆಚ್ಚಾಗಿ ಅದಕ್ಕೆ ಜೋಡಿಸುವ ಬಿಡಿಭಾಗಗಳ ಮೇಲೆ ಬೀಳುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಓಡಾಡಿದ ಕರಿಬಣ್ಣದ ಉಕ್ಕಿನ ಸೈಕಲ್ಲುಗಳು ಬಹುಮಟ್ಟಿಗೆ ಬಯಲಿನ ಊರುಗಳಿಂದ ಬಂದವು. ಅಟ್ಲಾಸ್ 1951ರಲ್ಲಿ ಸೋನಿಪತ್‌ನಲ್ಲಿ, ಹೀರೋ 1956ರಲ್ಲಿ ಲೂಧಿಯಾನದಲ್ಲಿ ಆರಂಭವಾದವು. 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಮದ್ರಾಸಿನ ಅಂಬತ್ತೂರಿನಿಂದ ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್ ಹೆಸರಿನ ಸೈಕಲ್ಲುಗಳನ್ನು ಕಳಿಸಿತು. ಸೆನ್-ರ್‍ಯಾಲಿ ಕಂಪನಿ ಬಂಗಾಳದ ಆಸನ್‌ಸೋಲ್ ಬಳಿ ಇಂಗ್ಲೆಂಡಿನ ರ್‍ಯಾಲಿ ಮಾದರಿಗಳನ್ನು ತಯಾರಿಸಿತು. ಇವೆಲ್ಲವುಗಳ ಮೂಲ ಒಂದೇ, ಇಂಗ್ಲಿಷ್ ರೋಡ್‌ಸ್ಟರ್: ಅಂದರೆ 28 ಇಂಚಿನ ಚಕ್ರ, ಹಿಂದಕ್ಕೆ ಓರೆಯಾದ ಸೀಟಿನ ಕಂಬ, ಕಂಬಿಗಳಿಂದ ಎಳೆಯುವ ಬ್ರೇಕು ಮತ್ತು ಒಂದೇ ಗೇರು ಉಳ್ಳ, ಬೆನ್ನು ನೇರವಾಗಿಟ್ಟುಕೊಂಡು ತುಳಿಯುವ ಸರ್ವೋಪಯೋಗಿ ಸೈಕಲ್ಲು. ತುಂಗೆ ಮತ್ತು ಭದ್ರೆಯ ಕಣಿವೆಗಳ ನಡುವೆ ಏರಿಳಿಯುವ ಮಲೆನಾಡಿನ ರಸ್ತೆಗಾಗಿ ಅದರಲ್ಲಿ ಒಂದು ಮೊಳೆಯನ್ನೂ ಯಾರೂ ಬದಲಿಸಿರಲಿಲ್ಲ. ಆ ಬದಲಾವಣೆಯ ಕೆಲಸ ಊರೂರಿನ ಸಣ್ಣ ಸೈಕಲ್ ಅಂಗಡಿಗಳ ಪಾಲಿಗೆ ಬಂತು.

ಮಲೆನಾಡಿಗೆ ಸೈಕಲ್ಲಿನ ಪರಿಚಯ ಇದಕ್ಕೂ ಮೊದಲೇ ಆಗಿತ್ತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯ ಮೂಲಕ ಮಲೆನಾಡಿಗೆ ಕಾಲಿಡುವ ಸೈಕಲ್ಲು ಹಳ್ಳಿಗರಲ್ಲಿ ಹುಟ್ಟಿಸುವ ಬೆರಗು ಸವಿಸ್ತಾರವಾಗಿ ಬಂದಿದೆ. ಆ ಬೆರಗಿನ ವಸ್ತು ಟಪಾಲಿನವರ, ತೋಟದ ರೈಟರ, ಹಾಲಿನವರ, ಘಟ್ಟದ ಕೆಳಗಿನಿಂದ ಬಂದ ಮೀನನ್ನು ಮನೆಮನೆಗೆ ಒಯ್ಯುವವರ ದಿನಬಳಕೆಯ ಸಾಧನವಾದದ್ದು ಸ್ವಾತಂತ್ರ್ಯಾನಂತರದ ಕಾರ್ಖಾನೆಗಳ ಕಾಲದಲ್ಲಿ.

ಈಚಿನ ವರ್ಷಗಳಲ್ಲಿ, ಮಳೆಗಾಲ ಹಿಂದಾದ ಮೇಲೆ, ಕೊಪ್ಪ, ಶೃಂಗೇರಿ, ಆಗುಂಬೆಯ ರಸ್ತೆಗಳಲ್ಲಿ ಚಕ್ರದ ಎರಡೂ ಬದಿಗೆ ಚೀಲ ತೂಗುಹಾಕಿಕೊಂಡ ದೂರಪ್ರಯಾಣದ ಸೈಕಲ್ಲುಗಳು ಕಾಣಿಸತೊಡಗಿವೆ, ಮತ್ತು ಅವುಗಳಲ್ಲಿ ಕೆಲವು ದಪ್ಪ ಅಲ್ಯೂಮಿನಿಯಂ ಕೊಳವೆಗಳ ಬದಲು ತೆಳ್ಳಗಿನ ಉಕ್ಕಿನ ಕೊಳವೆಗಳಿಂದ ಕಟ್ಟಿದವಾಗಿವೆ. ಇವುಗಳನ್ನು ಕಂಡ, ಕೊಪ್ಪದ ಬಳಿಯ ಬಾಳಗಡಿಯ ಮನೆಯೊಂದರಲ್ಲಿ ಅಟ್ಟದ ಮೇಲಿದ್ದ 22 ಇಂಚಿನ ಹಳೆಯ ಚೌಕಟ್ಟನ್ನು ಕೆಳಗಿಳಿಸಿ, ಅದನ್ನೇ ದೂರ ಹೋಗಿಬರುವ ಸೈಕಲ್ಲಾಗಿ ಮರುಜೋಡಿಸುವ ಕೆಲಸ ನಡೆಯಿತು. ಆ ಕೆಲಸಕ್ಕೆ ಕೈಹಾಕಿದವರು ಬಾಲ್ಯದಲ್ಲಿ, 1970ರ ದಶಕದಲ್ಲಿ, ಅದೇ ಊರಿನ ರಸ್ತೆಬದಿಯ ಸೈಕಲ್ ಅಂಗಡಿಯಲ್ಲಿ ಪಾನೆ ಹಿಡಿದು ಬೆಳೆದವರು. ಒಂದೊಂದು ಭಾಗವನ್ನು ಆರಿಸುವಾಗಲೂ ಅಂಗಡಿಯ ಹಿರಿಯರ ಮಾತು, ಕೈ, ಹಟ ನೆನಪಿಗೆ ಬಂದವು; ಅದರ ಜೊತೆಗೆ, ಅಂದು ಪ್ರಶ್ನಿಸದೆ ಒಪ್ಪಿಕೊಂಡಿದ್ದ ಎಷ್ಟೋ ಸಂಗತಿಗಳನ್ನು ಈಗ ಅಳೆದು ನೋಡುವುದೂ ಅನಿವಾರ್ಯವಾಯಿತು. ಈ ಬರಹಕ್ಕೆ ಆಧಾರ ಆ ನೆನಪು ಮತ್ತು ಆ ಅಳತೆ.

ಅಂಗಡಿ ಎಂದರೆ ಹೆಂಚಿನ ಇಳಿಮಾಡಿನ ಕೆಳಗಿನ ಒಂದು ಕೋಣೆ. ಮುಂದೆ ಮಡ್‌ಗಾರ್ಡಿನ ಮೇಲೆ ನಂಬರು ಬರೆದ ಬಾಡಿಗೆ ಸೈಕಲ್ಲುಗಳ ಸಾಲು, ಒಳಗೆ ಬಾಡಿಗೆಯ ಹೊತ್ತು ಬರೆಯುವ ಉದ್ದನೆಯ ಪುಸ್ತಕ, ಪಂಕ್ಚರಾದ ಟ್ಯೂಬನ್ನು ಮುಳುಗಿಸಿ ಗುಳ್ಳೆ ನೋಡಲು ನೀರಿನ ಬೋಗುಣಿ, ಬಾಲ್ಸು ಮತ್ತು ಕೋನುಗಳನ್ನು ತೊಳೆಯಲು ಸೀಮೆಎಣ್ಣೆಯ ಡಬ್ಬಿ, ತೊಲೆಯಿಂದ ತೂಗುಬಿಟ್ಟ ಟೈರುಗಳು. ಅಂಗಡಿಯ ಯಜಮಾನರು ಹರೆಯದಲ್ಲಿ ಘಟ್ಟ ಹತ್ತಿ ಬಂದು ಇಲ್ಲಿಯೇ ನೆಲೆಸಿದವರು, ಊರಿನವರ ಬಾಯಲ್ಲಿ ಸಾಯ್ಬ್ರು. ಹೊಸ ಸೈಕಲ್ಲು ಆಗ ಪೂರ್ತಿ ಜೋಡಿಸಿದ ವಸ್ತುವಾಗಿ ಮಾರಾಟಕ್ಕೆ ಬರುತ್ತಿರಲಿಲ್ಲ. ಚೌಕಟ್ಟು, ಫೋರ್ಕು, ಹಬ್ಬು, ರಿಮ್ಮು, ಕಡ್ಡಿಗಳ ಕಟ್ಟು ಬೇರೆ ಬೇರೆಯಾಗಿ ಬಂದು, ಅಂಗಡಿಯಲ್ಲಿ ಫಿಟ್ಟಿಂಗ್ ಆಗಬೇಕಿತ್ತು. ಕೊಳ್ಳಲು ಬಂದವರು ಯಾವ ಕಂಪನಿಯದು ಒಳ್ಳೆಯದು ಎಂದು ಕೇಳಿದರೆ ಸಾಯ್ಬ್ರು ಉತ್ತರ ಕೊಡುವ ಬದಲು ತಾವೇ ಕೇಳುತ್ತಿದ್ದರು: “ಮನೆ ಎಲ್ಲಿ ನಿಮ್ದು? ಏರು ಹತ್ತಿ ಹೋಗ್ಬೇಕಾ, ಗದ್ದೆ ಬದಿಗಾ? ಹಿಂದೆ ಏನು ಹೇರ್ತೀರಿ?” ಈ ಮೂರು ಪ್ರಶ್ನೆಗಳಿಗೆ ಸಿಕ್ಕ ಉತ್ತರದ ಮೇಲೆ ಹಲ್ಲಿನ ಲೆಕ್ಕ, ಕಡ್ಡಿಯ ದಪ್ಪ, ಕ್ಯಾರಿಯರಿನ ಜಾತಿ ತೀರ್ಮಾನವಾಗುತ್ತಿತ್ತು. ಸೈಕಲ್ಲಿನ ಭಾಗಗಳನ್ನು ಆರಿಸುವ ವಿಧಾನವನ್ನು ಕುರಿತು ಈಗ ಸಿಗುವ ದಪ್ಪ ಪುಸ್ತಕಗಳೂ ಮೂಲತಃ ಈ ಮೂರು ಪ್ರಶ್ನೆಗಳನ್ನೇ ಕೇಳುತ್ತವೆ.

ಚೌಕಟ್ಟಿನಿಂದಲೇ ಆರಂಭಿಸುವುದಾದರೆ, ರೋಡ್‌ಸ್ಟರಿನ ಉಕ್ಕಿನ ಕೊಳವೆಗಳನ್ನು ಲಗ್ ಎನ್ನುವ ತೋಳುಗಳೊಳಗೆ ತೂರಿಸಿ ಹಿತ್ತಾಳೆಯ ಬೆಸುಗೆಯಿಂದ ಕೂಡಿಸಲಾಗುತ್ತಿತ್ತು. ಇಂಗ್ಲೆಂಡಿನ ಉತ್ತಮ ಪ್ರವಾಸಿ ಸೈಕಲ್ಲುಗಳು 1935ರಿಂದೀಚೆಗೆ ರೆನಾಲ್ಡ್ಸ್ 531 ಎಂಬ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ, ತುದಿಯಲ್ಲಿ ದಪ್ಪ ಮತ್ತು ನಡುವೆ ತೆಳುವಾದ ಕೊಳವೆಗಳನ್ನು ಬಳಸಿಕೊಂಡು ಹಗುರವಾದವು. ಬಾಳಗಡಿಗೆ ಬಂದವು ಸಾದಾ ಉಕ್ಕಿನವು, ಸೈಕಲ್ಲಿನ ಒಟ್ಟು ತೂಕ ಸುಮಾರು 20 ಕಿಲೋ. ಆದರೆ ಉಕ್ಕಿನ ಮುಖ್ಯ ಗುಣ ಎರಡರಲ್ಲೂ ಒಂದೇ ಆಗಿತ್ತು: ಅದು ಮುರಿಯುವ ಮೊದಲು ಬಾಗುತ್ತದೆ, ಬಾಗಿದ್ದನ್ನು ತಿದ್ದಬಹುದು, ಬಿರಿದದ್ದನ್ನು ಬೆಸೆಯಬಹುದು. ಮೋರಿಗೆ ಬಿದ್ದ ಅಥವಾ ಬಸ್ಸಿಗೆ ತಾಗಿದ ಸೈಕಲ್ಲು ಬಂದಾಗ ಸಾಯ್ಬ್ರು ಚಕ್ರ ಬಿಚ್ಚಿ, ಹಿಂದಿನ ಎಕ್ಸೆಲ್ ಕೂರುವ ಸೀಳಿನ ಒಂದು ಬದಿಗೆ ನೂಲು ಕಟ್ಟಿ, ಅದನ್ನು ಮುಂದಿನ ಹ್ಯಾಂಡಲ್ ಕೊಳವೆಯ ಸುತ್ತ ತಂದು, ಇನ್ನೊಂದು ಬದಿಯ ಸೀಳಿಗೆ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ನೂಲಿಗೂ ಸೀಟಿನ ಕಂಬಕ್ಕೂ ನಡುವಿನ ತೆರಪು ಎರಡೂ ಕಡೆ ಸಮವಿದ್ದರೆ ಚೌಕಟ್ಟು ನೇರ, ಇಲ್ಲದಿದ್ದರೆ ಎಷ್ಟು ಸೊಟ್ಟ ಎಂಬುದನ್ನು ಆ ತೆರಪೇ ಹೇಳುತ್ತಿತ್ತು. ಬೆಲೆಬಾಳುವ ಅಳತೆಯ ಸಲಕರಣೆ ಇಲ್ಲದ ಕಡೆ ಇದಕ್ಕಿಂತ ನಂಬಿಕೆಗೆ ಅರ್ಹವಾದ ಪರೀಕ್ಷೆ ಇನ್ನೂ ಇಲ್ಲ. ಅಟ್ಟದಿಂದ ಇಳಿದ ಚೌಕಟ್ಟಿಗೂ ಮೊದಲು ಆದದ್ದು ಇದೇ, ಮತ್ತು ಅದು ನೇರವಾಗಿಯೇ ಇತ್ತು.

ಗೇರಿನ ವಿಷಯದಲ್ಲಿ ಮಾತ್ರ ರೋಡ್‌ಸ್ಟರು ಮಲೆನಾಡಿಗೆ ಅನ್ಯಾಯ ಮಾಡಿತು ಎಂದೇ ಹೇಳಬೇಕು. ಪೆಡಲಿನ ಬಳಿಯ ಹಲ್ಲಿನ ಚಕ್ರವಾದ ಚೈನ್‌ವೀಲಿನಲ್ಲಿ 48 ಹಲ್ಲು, ಹಿಂಚಕ್ರದ ಫ್ರೀವೀಲಿನಲ್ಲಿ 18 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಸುಮಾರು 2.67 ಸುತ್ತು ಉರುಳುತ್ತದೆ. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.23 ಮೀಟರ್ ಆದ್ದರಿಂದ ಒಂದು ತುಳಿತದ ಸುತ್ತಿಗೆ ಸೈಕಲ್ಲು ಹತ್ತಿರ ಹತ್ತಿರ 6 ಮೀಟರ್ ಮುಂದೆ ಹೋಗುತ್ತದೆ. ಸಪಾಟು ರಸ್ತೆಯಲ್ಲಿ, ಗಾಳಿ ಬೆನ್ನಿಗಿದ್ದಾಗ, ಇದು ಹಿತವಾದ ಅಳತೆ. ತುಂಗೆಯ ದಡದ ಹರಿಹರಪುರದಿಂದ ಕೊಪ್ಪದ ಕಡೆಗೆ ಅಡಿಕೆ ಮೂಟೆ ಹೇರಿಕೊಂಡು ಏರುವವರಿಗೆ ಇದು ಎದೆ ಒಡೆಯುವ ಅಳತೆ. ಸಾಯ್ಬ್ರು ಮೇಲಿನ ಮನೆಗಳವರಿಗೆ 44 ಹಲ್ಲಿನ ಚೈನ್‌ವೀಲನ್ನೂ 22 ಹಲ್ಲಿನ ಫ್ರೀವೀಲನ್ನೂ ಹುಡುಕಿ ತರಿಸಿ ಹಾಕುತ್ತಿದ್ದರು; ಆಗ ಒಂದು ಸುತ್ತಿಗೆ ಸಾಗುವ ದೂರ ಸುಮಾರು 4.5 ಮೀಟರಿಗೆ ಇಳಿದು, ಕಾಲಿನ ಮೇಲಿನ ಭಾರ ಕಾಲುಭಾಗದಷ್ಟು ಕಡಿಮೆಯಾಗುತ್ತಿತ್ತು. ಫ್ರೀವೀಲಿನಲ್ಲಿ ನಾಲ್ಕು ಹಲ್ಲು ಹೆಚ್ಚಾದರೆ ಅದರ ಅರ್ಧ ಸುತ್ತನ್ನು ಅಪ್ಪುವ ಚೈನಿಗೆ ಎರಡು ಕೊಂಡಿ, ಅಂದರೆ ಒಂದು ಇಂಚು, ಹೆಚ್ಚು ಬೇಕು. ಈ ಲೆಕ್ಕವನ್ನು ಅಂಗಡಿಯ ಹುಡುಗ ಕಲಿತದ್ದು ಬಾಯಿಪಾಠದಿಂದ. ಅದರ ಹಿಂದಿರುವ ಗಣಿತ ಹೊಳೆದದ್ದು ಎಷ್ಟೋ ವರ್ಷಗಳ ನಂತರ.

ಇಳಿಜಾರಿನಲ್ಲಿ ವೇಗ ಸಿಗುವುದಿಲ್ಲವೆಂದು ಹರೆಯದವರು ಈ ಬದಲಾವಣೆಯನ್ನು ಇಷ್ಟಪಡುತ್ತಿರಲಿಲ್ಲ. ಪರಿಹಾರ ಲೋಕದಲ್ಲಿ ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿ ಹಿಂಚಕ್ರದ ಹಬ್ಬಿನೊಳಗೇ ಮೂರು ಗೇರುಗಳನ್ನು ಅಡಗಿಸುವ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಸಾಧಿಸಿತ್ತು. 1936ರಲ್ಲಿ ಬಂದ ಅದರ ಎ.ಡಬ್ಲ್ಯು. ಮಾದರಿ ಮೊದಲನೆಯ ಗೇರಿನಲ್ಲಿ ಕಾಲುಭಾಗ ಹಗುರವಾಗಿಯೂ ಮೂರನೆಯದರಲ್ಲಿ ಮೂರನೇ ಒಂದು ಭಾಗ ವೇಗವಾಗಿಯೂ ಓಡಿಸುವಂಥದ್ದು. ಆ ಹಬ್ಬು ಇದ್ದ ಸೈಕಲ್ಲು ಸುತ್ತಮುತ್ತ ಒಂದೇ ಒಂದು ಇತ್ತು, ಅದೂ ತೋಟದ ದೊಡ್ಡ ಮನೆಯೊಂದರಲ್ಲಿ. ಗೇರಿನ ಅಗತ್ಯ ಅತ್ಯಂತ ಹೆಚ್ಚಾಗಿದ್ದವರ ಕೈಗೆ ಅದು ಎಂದೂ ತಲುಪಲಿಲ್ಲ. ಮಲೆನಾಡಿನ ಜನ ಎರಡು ತಲೆಮಾರು ಏರು ಬಂದಲ್ಲೆಲ್ಲ ಇಳಿದು ತಳ್ಳಿದರು, ತಳ್ಳುವುದೇ ಸೈಕಲ್ಲಿನ ಸ್ವಭಾವವೆಂದು ನಂಬಿದರು. ಹಿಂದಿನ ಸೈಕಲ್ಲೇ ಗಟ್ಟಿ ಎಂಬ ಮಾತನ್ನು ಇಂದು ಅಭಿಮಾನದಿಂದ ಆಡುವವರು ಈ ಅಂಶವನ್ನು ಮರೆಯಬಾರದು.

ಬ್ರೇಕಿನ ಕಥೆ ಇದಕ್ಕಿಂತ ಕಠೋರ. ರೋಡ್‌ಸ್ಟರಿನಲ್ಲಿ ಹ್ಯಾಂಡಲಿನ ಹಿಡಿ ಒತ್ತಿದರೆ ಉಕ್ಕಿನ ಕಂಬಿಗಳ ಸರಣಿಯೊಂದು ಎಳೆದುಕೊಂಡು, ಕುದುರೆ ಲಾಳದ ಆಕಾರದ ತುಂಡಿಗೆ ಕೂರಿಸಿದ ರಬ್ಬರನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಆ ರಿಮ್ಮು ವೆಸ್ಟ್‌ವುಡ್ ಎಂಬ ಮಾದರಿಯ, ಅಂಚು ಉರುಟಾದ, ಹೊಳಪು ಲೇಪ ಕೊಟ್ಟ ಉಕ್ಕಿನದು. ಒಣಗಿದಾಗ ಈ ಏರ್ಪಾಡು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಕಂಬಿಗಳಿಗೆ ತುಕ್ಕು ಹಿಡಿಯಬಹುದಾದರೂ ತಂತಿಯಂತೆ ಹಠಾತ್ತನೆ ಕಡಿದುಹೋಗುವುದಿಲ್ಲ. ಆದರೆ ಒದ್ದೆಯಾದ ಹೊಳಪಿನ ಉಕ್ಕಿನ ಮೇಲೆ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಿಮ್ಮು ಒಣಗುವ ಗಳಿಗೆಯೇ ಇಲ್ಲದ ಸೀಮೆಯಲ್ಲಿ, ಕೆಮ್ಮಣ್ಣಿನ ಇಳಿಜಾರುಗಳಲ್ಲಿ, ಜನ ಕಾಲನ್ನು ನೆಲಕ್ಕೆ ಉಜ್ಜಿ ಸೈಕಲ್ಲು ನಿಲ್ಲಿಸುವುದನ್ನು ಕಲಿತಿದ್ದರು. ಸಾಯ್ಬ್ರು ಮಳೆಗಾಲದ ಆರಂಭದಲ್ಲಿ ರಬ್ಬರು ಬದಲಿಸಿ, ಕಂಬಿಯ ಕೂಡುಗಳನ್ನು ಬಿಗಿ ಮಾಡಿ, ರಿಮ್ಮಿನ ಒಳಮೈಯ ಎಣ್ಣೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಒಣಗಿಸಿ ಕೊಡುತ್ತಿದ್ದರು, ಮತ್ತು ಪ್ರತಿಯೊಬ್ಬರಿಗೂ ಇಳಿಜಾರಿನ ತಲೆಯಲ್ಲಿಯೇ ಬ್ರೇಕನ್ನು ಮೆಲ್ಲಗೆ ಹಿಡಿದು ನೀರು ಒರೆಸಿಕೊಂಡು ಇಳಿಯಬೇಕೆಂದು ಹೇಳುತ್ತಿದ್ದರು. ಸಲಹೆ ಸರಿಯಾದದ್ದೇ. ಆದರೂ ತಿರುವಿನಲ್ಲಿ ಬಿದ್ದು ಕೈಮುರಿದುಕೊಂಡವರ ಸೈಕಲ್ಲು ಅಂಗಡಿಗೆ ಬರುವುದು ಪ್ರತಿ ಆಷಾಢದ ಸಂಗತಿಯಾಗಿತ್ತು, ಮತ್ತು ದೋಷವನ್ನು ಎಲ್ಲರೂ ಸವಾರನ ತಲೆಗೇ ಕಟ್ಟುತ್ತಿದ್ದರು. ಈಗ ತಿಳಿದು ನೋಡಿದರೆ ದೋಷ ಲೋಹದ್ದು. ಅಲ್ಯೂಮಿನಿಯಂ ರಿಮ್ಮಿನ ಮೇಲೆ ರಬ್ಬರು ಒದ್ದೆಯಲ್ಲಿಯೂ ಎಷ್ಟೋ ಪಾಲು ಚೆನ್ನಾಗಿ ಹಿಡಿಯುತ್ತದೆ. ಹಬ್ಬಿನೊಳಗೆ ಮುಚ್ಚಿಟ್ಟ ಡ್ರಮ್ ಬ್ರೇಕಿಗೆ ಮಳೆಯ ಪರಿವೆಯೇ ಇರುವುದಿಲ್ಲ.

ಚಕ್ರ ಕಟ್ಟುವುದರಲ್ಲಿ ಮಾತ್ರ ಆ ಅಂಗಡಿ ಇಂದಿನ ಯಾವ ಅಂಗಡಿಗೂ ತಲೆಬಾಗಬೇಕಿಲ್ಲ. ಇಂಗ್ಲಿಷ್ ರೂಢಿಯಂತೆ ಮುಂದಿನ ಚಕ್ರಕ್ಕೆ 32, ಹೇರು ಹೊರುವ ಹಿಂದಿನದಕ್ಕೆ 40 ಕಡ್ಡಿಗಳು. ಹಬ್ಬಿನಿಂದ ಹೊರಟ ಕಡ್ಡಿ ನೇರವಾಗಿ ರಿಮ್ಮಿಗೆ ಹೋಗದೆ, ದಾರಿಯಲ್ಲಿ ಬೇರೆ ಕಡ್ಡಿಗಳನ್ನು ದಾಟಿ, ಓರೆಯಾಗಿ ಕೂರಬೇಕು. ಪೆಡಲಿನ ಎಳೆತ ಹಬ್ಬನ್ನು ತಿರುಚುವಾಗ ಆ ಓರೆಯೇ ಬಲವನ್ನು ರಿಮ್ಮಿಗೆ ಮುಟ್ಟಿಸುತ್ತದೆ. ಬೆಂಡು ತೆಗೆಯುವಾಗ, ಅಂದರೆ ರಿಮ್ಮಿನ ಓಲಾಟವನ್ನು ಸರಿಪಡಿಸುವಾಗ, ಸಾಯ್ಬ್ರು ಬೆರಳಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ಕೇಳುತ್ತಿದ್ದರು, ಒಂದೇ ಬದಿಯ ಕಡ್ಡಿಗಳ ದನಿ ಒಂದೇ ಶ್ರುತಿಗೆ ಬರುವ ತನಕ ನಿಪ್ಪಲ್ ತಿರುಗಿಸುತ್ತಿದ್ದರು. ಹಾಲಿನ ಕ್ಯಾನು ಹೊರುವ ಸೈಕಲ್ಲಿಗೆ ದಪ್ಪ ಕಡ್ಡಿ, ಟಪಾಲಿನವರ ಸೈಕಲ್ಲಿಗೆ ಸಾದಾ ಕಡ್ಡಿ. ಕಡ್ಡಿ ಕಡಿಯುವುದು ಹೇರಿನಿಂದಲ್ಲ, ಸಡಿಲದಿಂದ ಎಂಬುದು ಅವರ ನಂಬಿಕೆ. ಲೋಹಶಾಸ್ತ್ರ ಕೂಡ ಹಾಗೆಯೇ ಹೇಳುತ್ತದೆ: ಸಡಿಲವಾದ ಕಡ್ಡಿ ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಎಳೆತ ಕಳೆದುಕೊಂಡು ಮತ್ತೆ ಪಡೆಯುತ್ತದೆ, ಹಾಗೆ ಆಡಿ ಆಡಿ ಹಬ್ಬಿನ ಬಳಿಯ ಬಾಗಿನಲ್ಲಿ ದಣಿದು ತುಂಡಾಗುತ್ತದೆ.

ಎಳೆಗಳ ವಿದ್ಯೆ, ಅಂದರೆ ತಿರುಪಿನ ತ್ರೆಡ್ಡುಗಳ ತಿಳಿವಳಿಕೆ, ಅಂಗಡಿಯಲ್ಲಿ ಕೊನೆಗೆ ಕೈಗೆ ಬರುವ ಪಾಠ. ಎಡಗಡೆಯ ಪೆಡಲಿಗೆ ಎಡ ಎಳೆ, ಅದನ್ನು ಬಿಚ್ಚಬೇಕಾದರೆ ಉಳಿದ ನಟ್ಟುಗಳಿಗೆ ವಿರುದ್ಧವಾಗಿ ತಿರುಗಿಸಬೇಕು. ಕ್ರ್ಯಾಂಕುಗಳ ನಡುವಿನ ಎಕ್ಸೆಲ್ ಕೂರುವ ಬಿ.ಬಿ. ಕೊಳವೆಯಲ್ಲಿ ಇದು ತಲೆಕೆಳಗು, ಅಲ್ಲಿ ಬಲಗಡೆಯ ಕಪ್ಪಿಗೆ ಎಡ ಎಳೆ. ಸಾಮಾನ್ಯವಾಗಿ ಈ ಕಪ್ಪುಗಳಿಗೆ ಇಂಚಿಗೆ 24 ಎಳೆ. ನಾಟಿಂಗ್‌ಹ್ಯಾಮಿನ ರ್‍ಯಾಲಿ ಮಾತ್ರ ತನ್ನದೇ ಆದ 26 ಎಳೆಯ ಅಳತೆಯನ್ನು ಇಟ್ಟುಕೊಂಡಿತ್ತು. ದೊಡ್ಡ ಮನೆಯ ಆ ಮೂರು ಗೇರಿನ ರ್‍ಯಾಲಿ ಸೈಕಲ್ಲು ಒಮ್ಮೆ ಬಿ.ಬಿ. ಸವೆದು ಬಂದಾಗ, ಪೇಟೆಯಿಂದ ತಂದ ಕಪ್ಪು ಒಂದೂವರೆ ಸುತ್ತು ಹೋಗಿ ನಿಂತಿತು. ಹುಡುಗ ಪಾನೆಗೆ ಉದ್ದದ ಕೊಳವೆ ಸಿಕ್ಕಿಸಿ ತಿರುಗಿಸಲು ಹೊರಟಿದ್ದ, ಸಾಯ್ಬ್ರು ಕೈ ಹಿಡಿದರು: “ಬಲ ಹಾಕ್ಬೇಡ ಮಾರಾಯ, ಬರೋದಾದ್ರೆ ಅದು ಬೆರಳಿಗೇ ಬರ್ತದೆ.” ಹಳೆಯ ಕಪ್ಪನ್ನೇ ತೊಳೆದು, ಹೊಸ ಕಾಲಂಗುಲದ ಬಾಲ್ಸು ಮತ್ತು ಗ್ರೀಸು ತುಂಬಿ, ಎಕ್ಸೆಲ್ ಮಾತ್ರ ಬದಲಿಸಿ ಕೊಟ್ಟದ್ದರಿಂದ ಆ ಚೌಕಟ್ಟು ಉಳಿಯಿತು. ಜೋಡಣೆಯ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ನಿಯಮ ಇಲ್ಲ: ಒಂದಕ್ಕೊಂದು ಸೇರಬೇಕಾದ ಎಳೆಗಳು ಮೊದಲ ಮೂರು ಸುತ್ತು ಬರಿಗೈಯಲ್ಲಿ ಹೋಗಬೇಕು. ಕ್ರ್ಯಾಂಕನ್ನು ಎಕ್ಸೆಲಿಗೆ ಬಿಗಿಯುವ ಬೆಣೆಯಾಕಾರದ ಕಾಟರ್ ಪಿನ್ನನ್ನು ಹೊಡೆಯುವಾಗಲೂ ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಆಸರೆ ಕೊಡದಿದ್ದರೆ ಸುತ್ತಿಗೆಯ ಪೆಟ್ಟು ಬಾಲ್ಸುಗಳ ಮೂಲಕ ಕಪ್ಪಿಗೆ ಹೋಗಿ ಅಲ್ಲಿ ಗುಳಿ ಬೀಳುತ್ತದೆ. ಎಷ್ಟೋ ಸೈಕಲ್ಲುಗಳ ಬಿ.ಬಿ. ಹಾಳಾದದ್ದು ತುಳಿದಲ್ಲ, ಹೀಗೆ ರಿಪೇರಿ ಮಾಡಿ.

ಸೀಟು, ದೀಪ ಮತ್ತು ತುಕ್ಕಿನ ಬಗ್ಗೆ ಇಷ್ಟು ಹೇಳಿದರೆ ಸಾಕು. ಸ್ಪ್ರಿಂಗಿನ ಚರ್ಮದ ಸೀಟು ಬಯಲುಸೀಮೆಯಲ್ಲಿ ಸವಾರನ ಮೈಗೆ ಒಗ್ಗುತ್ತ ಹೋಗುತ್ತದೆ, ಮಲೆನಾಡಿನಲ್ಲಿ ನೆನೆದು ಜೋತು ಬೂಸ್ಟು ಹಿಡಿಯುತ್ತದೆ. ರೆಕ್ಸಿನ್ ಸೀಟು ಬಂದಾಗ ಊರು ನಿಟ್ಟುಸಿರು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಟೈರಿನ ಪಕ್ಕೆಗೆ ಉಜ್ಜಿ ತಿರುಗುವ 6 ವೋಲ್ಟ್, 3 ವ್ಯಾಟಿನ ಡೈನಮೋ ಮಳೆಯಲ್ಲಿ ಜಾರುತ್ತಿತ್ತು, ಏರಿನಲ್ಲಿ ಸೈಕಲ್ಲು ನಿಧಾನವಾದಾಗ ಅದರ ದೀಪವೂ ಮಂಕಾಗುತ್ತಿತ್ತು. ತುಕ್ಕು ಚೌಕಟ್ಟನ್ನು ತಿನ್ನುವುದು ಹೆಚ್ಚಾಗಿ ಒಳಗಿನಿಂದ, ಏಕೆಂದರೆ ಸೀಟಿನ ಕಂಬದ ಮೂಲಕ ಇಳಿದ ನೀರು ಬಿ.ಬಿ.ಯ ತಳದಲ್ಲಿ ನಿಲ್ಲುತ್ತದೆ; ಅಲ್ಲಿಗೊಂದು ಸಣ್ಣ ತೂತು ಕೊರೆದು, ಕೊಳವೆಯೊಳಗೆ ಎಣ್ಣೆ ಸುರಿದು ಚೌಕಟ್ಟನ್ನು ಎಲ್ಲ ಕಡೆಗೂ ಹೊರಳಿಸುವ ರೂಢಿ ಅಂಗಡಿಯಲ್ಲಿತ್ತು. ಅಟ್ಟದ ಚೌಕಟ್ಟಿನ ತಳದಲ್ಲಿ ಆ ತೂತು ಇತ್ತು. ಅದನ್ನು ಕೊರೆದ ಕೈ ಯಾವುದೆಂದು ಕೇಳಬೇಕಾಗಿರಲಿಲ್ಲ.

ಇಷ್ಟೆಲ್ಲ ಪ್ರೀತಿಯಿಂದ ನೆನೆಯಬಹುದಾದ ಆ ಅಂಗಡಿಯನ್ನು ಕುರಿತು ಹೇಳಲೇಬೇಕಾದ ಬೇರೆ ಮಾತುಗಳೂ ಇವೆ. ಅಲ್ಲಿ ಕೆಲಸ ಕಲಿತ ಹುಡುಗರು ಶಾಲೆ ಬಿಟ್ಟು ಬಂದವರು. ಸಂಬಳವೆಂದರೆ ಮಧ್ಯಾಹ್ನದ ಊಟ, ಚಾ, ಹಬ್ಬಕ್ಕೊಂದು ಅಂಗಿ, ಮತ್ತು ಸಂಜೆ ಬಾಡಿಗೆಗೆ ಹೋಗದೆ ಉಳಿದ ಸೈಕಲ್ಲನ್ನು ಓಡಿಸುವ ಸ್ವಾತಂತ್ರ್ಯ. ಸೀಮೆಎಣ್ಣೆಯಲ್ಲಿ ನೆಂದು ಬಿರಿದ ಬೆರಳುಗಳು ಮಳೆಗಾಲದಲ್ಲಿ ಮಾಯುತ್ತಿರಲಿಲ್ಲ. ಸಾಯ್ಬ್ರು ಒಳ್ಳೆಯವರಾಗಿದ್ದರು, ಹೊಡೆಯುತ್ತಿರಲಿಲ್ಲ, ತಮ್ಮ ಮಕ್ಕಳಿಗೆ ಬಡಿಸಿದ್ದನ್ನೇ ಹುಡುಗರಿಗೂ ಬಡಿಸುತ್ತಿದ್ದರು. ಆದರೆ ಒಳ್ಳೆಯ ಯಜಮಾನ ಸಿಕ್ಕಿದ್ದರಿಂದ ತಪ್ಪಿದ ಶಾಲೆ ಮರಳಿ ಬರುವುದಿಲ್ಲ, ಮತ್ತು ಕೈಕೆಲಸದ ಹೆಮ್ಮೆಯನ್ನು ಹಾಡಿ ಹೊಗಳುವ ಬರಹಗಳು ಆ ನಷ್ಟದ ಲೆಕ್ಕವನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಬಾಡಿಗೆ ಪುಸ್ತಕದ ಪುಟಗಳಲ್ಲಿ ಹೆಂಗಸರ ಹೆಸರು ಇರಲಿಲ್ಲ ಎಂಬುದೂ ಅಷ್ಟೇ ಗಮನಿಸಬೇಕಾದ ಸಂಗತಿ. ಗಂಡು ಹುಡುಗರು ಸೀಟು ಎಟುಕದಿದ್ದರೆ ಚೌಕಟ್ಟಿನ ನಡುವೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿಯುತ್ತಿದ್ದ ವಯಸ್ಸಿನಲ್ಲಿ, ಹೆಣ್ಣುಮಕ್ಕಳು ಅದೇ ರಸ್ತೆಯ ಅಂಚಿನಲ್ಲಿ ನಡೆದು ಶಾಲೆಗೆ ಹೋಗುತ್ತಿದ್ದರು. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ ಆರಂಭಿಸಿದ ಮೇಲೆ ಈ ನೋಟ ಬದಲಾಯಿತು. ಬಿಡಿಬಿಡಿಯಾಗಿ ಬಂದು ಶಾಲೆಯ ಅಂಗಳದಲ್ಲಿ ಜೋಡಣೆಯಾದ ಆ ಸೈಕಲ್ಲುಗಳಿಗೂ ಒಂದೇ ಗೇರು, ಮಲೆನಾಡಿಗೂ ಬಯಲಿಗೂ ಒಂದೇ ಹಲ್ಲಿನ ಲೆಕ್ಕ. ಆದರೂ ಏರಿನಲ್ಲಿ ತಳ್ಳಿಕೊಂಡಾದರೂ ಸರಿ, ಸಮವಸ್ತ್ರದ ಹುಡುಗಿಯರ ಸಾಲು ರಸ್ತೆಯ ಮೇಲೆ ಬಂದದ್ದು ಹಳೆಯ ಅಂಗಡಿಗಳ ಕಾಲದಲ್ಲಿ ಆಗದೇ ಹೋದ ಕೆಲಸ.

ಅಂಗಡಿಗಳು ಮುಚ್ಚಿದ್ದು ಮೆಲ್ಲನೆ. ಲೂನಾ, ಟಿವಿಎಸ್ 50ರಂಥ ಮೊಪೆಡ್ಡುಗಳು ಬಂದಾಗ ಮೊದಲು ಸೈಕಲ್ಲು ಬಿಟ್ಟವರು ಹೇರು ಹೊರುವವರು, ಅಂದರೆ ಸರಿಯಾದ ಗೇರು ಎಂದೂ ಸಿಗದವರು. ಏರಿನಲ್ಲಿ ತಳ್ಳಿ ದಣಿದವರ ಆ ಆಯ್ಕೆಯನ್ನು ಯಾರೂ ಆಕ್ಷೇಪಿಸಲಾರರು. ಆನಂತರ ಪೇಟೆಗೆ ಬಂದ ದಪ್ಪ ಟೈರಿನ ಅಗ್ಗದ ಸೈಕಲ್ಲುಗಳಲ್ಲಿ ಗೇರೇನೋ ಇತ್ತು, ಆದರೆ ಅವುಗಳ ತಗಡಿನ ಭಾಗಗಳನ್ನು ಬಿಚ್ಚಿ ತೊಳೆದು ಮತ್ತೆ ಕೂರಿಸುವಂತಿರಲಿಲ್ಲ; ಹೆಸರಿಗೆ ಮಾತ್ರ ಇದ್ದ ಸ್ಪ್ರಿಂಗಿನ ಫೋರ್ಕುಗಳು ತೂಕವನ್ನು ಹೆಚ್ಚಿಸಿದವು. ಸಾಯ್ಬ್ರ ಅಂಗಡಿಯ ಜಾಗದಲ್ಲಿ ಈಗ ಬೇರೆ ವ್ಯಾಪಾರ ನಡೆಯುತ್ತಿದೆ. ಏಳು ದಶಕ ಸೈಕಲ್ಲು ತಯಾರಿಸಿದ ಅಟ್ಲಾಸ್ ಕೂಡ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸವನ್ನು 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು.

ಅಟ್ಟದ ಚೌಕಟ್ಟಿಗೆ ಈಗ ಯಾವ ಭಾಗಗಳು ಒಗ್ಗುತ್ತವೆ ಎಂಬುದನ್ನು ವಿವರಿಸುವುದು ಉಳಿದಿದೆ. ಹೊಸ ಪ್ರವಾಸಿ ಸೈಕಲ್ಲುಗಳಲ್ಲಿ ಮುಂದೆ 26 ಹಲ್ಲಿನ ಸಣ್ಣ ಚಕ್ರವನ್ನೂ ಹಿಂದೆ 34 ಹಲ್ಲಿನ ದೊಡ್ಡದನ್ನೂ ಕೂಡಿಸಿ, ಪೆಡಲಿನ ಒಂದು ಸುತ್ತಿಗೆ ಸುಮಾರು 1.65 ಮೀಟರ್ ಮಾತ್ರ ಸಾಗುವಷ್ಟು ಹಗುರ ಗೇರು ಪಡೆಯುವುದುಂಟು. ಘಟ್ಟವನ್ನು ಸಾಮಾನಿನೊಂದಿಗೆ ಹತ್ತುವವರಿಗೆ ಅದು ಬೇಕು. ಆದರೆ ಅಷ್ಟು ಹಲ್ಲಿನ ಚಕ್ರಗಳ ಗೊಂಚಲು ಕೂರುವ ಹಿಂದಿನ ಹಬ್ಬಿಗೆ 130 ಅಥವಾ 135 ಮಿಲಿಮೀಟರ್ ಅಗಲ ಬೇಕು, ರೋಡ್‌ಸ್ಟರಿನ ಹಿಂದಿನ ತೆರಪು 115 ಮಿಲಿಮೀಟರಿನ ಆಸುಪಾಸಿನದು. ಉಕ್ಕನ್ನು ಬಾಗಿಸಿ ಅಗಲ ಮಾಡಬಹುದು ಎಂಬುದು ನಿಜವಾದರೂ ಇಷ್ಟು ದೊಡ್ಡ ಅಂತರವನ್ನು ಹಳೆಯ ಬೆಸುಗೆಗಳ ಮೇಲೆ ಹೇರುವುದು ವಿವೇಕವಲ್ಲ. ಆದ್ದರಿಂದ ಬಾಳಗಡಿಯ ಚೌಕಟ್ಟಿಗೆ ಆರಿಸಿದ್ದು ಮೂರು ಗೇರಿನ ಹಬ್ಬನ್ನೇ. ಸ್ಟರ್ಮಿ-ಆರ್ಚರ್ 2000ದಲ್ಲಿ ತೈವಾನಿನ ಸನ್‌ರೇಸ್ ಕಂಪನಿಯ ಕೈಗೆ ಹೋಗಿ ಈಗಲೂ ತಯಾರಾಗುತ್ತಿದೆ, ಗೇರಿನ ಜೊತೆಗೆ ಡ್ರಮ್ ಬ್ರೇಕೂ ಒಳಗೇ ಇರುವ ಮಾದರಿಗಳು ಅದರಲ್ಲಿ ಸಿಗುತ್ತವೆ. ಈಗ ಹಾಕಿದ ತುಸು ಸಣ್ಣ ಚಕ್ರದಲ್ಲಿ 44 ಹಲ್ಲಿನ ಚೈನ್‌ವೀಲಿಗೆ 22 ಹಲ್ಲನ್ನು ಕೂಡಿಸಿದರೆ ಮೂರು ಗೇರುಗಳಲ್ಲಿ ಒಂದು ಸುತ್ತಿಗೆ ಕ್ರಮವಾಗಿ ಸುಮಾರು 3.2, 4.3, 5.7 ಮೀಟರ್ ಸಾಗುತ್ತದೆ. ಮೂರನೆಯದು ಹಳೆಯ ಒಂಟಿ ಗೇರಿಗೆ ಹತ್ತಿರ, ಎರಡನೆಯದು ಸಾಯ್ಬ್ರು ಏರುಮನೆಯವರಿಗೆ ಜೋಡಿಸಿ ಕೊಡುತ್ತಿದ್ದ ಲೆಕ್ಕಕ್ಕೆ ಹತ್ತಿರ, ಮೊದಲನೆಯದು ಅವರ ಕೈಗೆಟುಕದೆ ಹೋದದ್ದು.

ಚಕ್ರವನ್ನು 635ರಿಂದ 622ಕ್ಕೆ ಇಳಿಸಲಾಯಿತು. ಈ ಅಂಕಿಗಳು ರಿಮ್ಮಿನ ಮೇಲೆ ಟೈರಿನ ಅಂಚು ಕೂರುವ ಜಾಗದ ವ್ಯಾಸವನ್ನು ಮಿಲಿಮೀಟರಿನಲ್ಲಿ ತಿಳಿಸುತ್ತವೆ, ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುತ್ತವೆ. ಇಂಚಿನ ಲೆಕ್ಕದಲ್ಲಿ ಎರಡನ್ನೂ 28 ಎಂದೇ ಕರೆಯುವುದರಿಂದ ಕೊಳ್ಳುವವರು ಮಿಲಿಮೀಟರಿನ ಅಂಕಿಯನ್ನೇ ನಂಬಬೇಕು. ವ್ಯಾಸ ಕಡಿಮೆಯಾದ್ದರಿಂದ ರಿಮ್ಮು ಚೌಕಟ್ಟಿನಿಂದ 6.5 ಮಿಲಿಮೀಟರ್ ದೂರ ಸರಿಯುತ್ತದೆ, ತಂತಿ ಬ್ರೇಕು ಹಾಕುವವರು ಅಷ್ಟು ಉದ್ದದ ತೋಳು ಆರಿಸಬೇಕು. ಡ್ರಮ್ ಬ್ರೇಕಿಗೆ ಈ ತೊಡಕಿಲ್ಲ. ರೋಡ್‌ಸ್ಟರಿನ ಉದ್ದನೆಯ ಹಿಂಭಾಗ, ದಪ್ಪ ಟೈರಿಗೂ ಮಡ್‌ಗಾರ್ಡಿಗೂ ಇರುವ ಧಾರಾಳವಾದ ಜಾಗ, ಎಕ್ಸೆಲಿಗೇ ಬಿಗಿಯುವ ಗಟ್ಟಿ ಕ್ಯಾರಿಯರು, ಇವೆಲ್ಲ ದುಬಾರಿ ಪ್ರವಾಸಿ ಚೌಕಟ್ಟುಗಳಲ್ಲಿ ಜನ ಹುಡುಕುವ ಗುಣಗಳು; ಹಿಂಚಕ್ರ ದೂರವಿರುವುದರಿಂದ ಹಿಮ್ಮಡಿ ಚೀಲಕ್ಕೆ ತಾಗುವುದಿಲ್ಲ, ಕೆಸರು ಸಿಕ್ಕಿಕೊಂಡು ಚಕ್ರ ನಿಲ್ಲುವುದಿಲ್ಲ. ಕಾಟರ್ ಪಿನ್ನಿನ ಹಳೆಯ ಕ್ರ್ಯಾಂಕುಗಳನ್ನು ಬದಲಿಸಲಿಲ್ಲ, ಏಕೆಂದರೆ ಅವು ಚೆನ್ನಾಗಿದ್ದವು ಮತ್ತು ಅವುಗಳ ಬಾಲ್ಸು, ಪಿನ್ನು ಯಾವ ಸಣ್ಣ ಪೇಟೆಯಲ್ಲಿಯೂ ಸಿಗುತ್ತವೆ.

ಮಲೆನಾಡಿನ ಮನೆಗಳ ಅಟ್ಟ, ಕೊಟ್ಟಿಗೆ, ಅಡಿಕೆ ಮನೆಗಳಲ್ಲಿ ಇಂಥ ಚೌಕಟ್ಟುಗಳು ಇನ್ನೂ ಇವೆ. ಅವುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ಮೊದಲು ಮನೆಯವರು ಒಮ್ಮೆ ನೂಲು ಕಟ್ಟಿ ನೋಡಲಿ, ಸೀಟಿನ ಕಂಬ ಬಿಚ್ಚಿ ಬಿ.ಬಿ.ಯ ತಳಕ್ಕೆ ದೀಪ ಬಿಡಲಿ. ಎರಡೂ ಸರಿಯಿದ್ದರೆ ಖರ್ಚಿನ ಮೊದಲ ಪಾಲು ಬ್ರೇಕಿಗೆ, ಎರಡನೆಯದು ಚಕ್ರಕ್ಕೆ, ಮೂರನೆಯದು ಗೇರಿಗೆ ಹೋಗಬೇಕು. ಬಣ್ಣಕ್ಕೆ ಹಣ ಉಳಿಯದಿದ್ದರೂ ಚಿಂತೆಯಿಲ್ಲ.